ಟೇಲ್ ಆಫ್ ದ ಡ್ರ್ಯಾಗನ್‌ಗೆ ಹೊರಟವರೇ, ಮುಂದಿನ ಬೈಕಿನ ಬೆನ್ನು ಹತ್ತಬೇಡಿ

ಹೋದ ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ಟೇಲ್ ಆಫ್ ದ ಡ್ರ್ಯಾಗನ್‌ಗೆ ಬೈಕ್‌ನಲ್ಲಿ ಹೋಗಿದ್ದೆವು. ಮೂವರು ಬೈಕ್ ಮೇಲೆ ವಾಪಸ್ ಬಂದರು. ನಾನು ಆಂಬುಲೆನ್ಸ್‌ನಲ್ಲಿ ಬಂದೆ. ಎಡಗಡೆಯ ಕಾಲರ್ ಬೋನ್ ಮುರಿದಿತ್ತು. ಈಗ ಅಲ್ಲೊಂದು ಲೋಹದ ಪಟ್ಟಿ, ಏಳು ಸ್ಕ್ರೂ ಇವೆ. ಚಳಿ ಕಳೆದು ಮತ್ತೆ ಅಲ್ಲಿಗೆ ಹೋಗುವ ಮಾತು ಗೆಳೆಯರ ನಡುವೆ ಶುರುವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಅಮೆರಿಕದ ಟೆನೆಸೀ ಮತ್ತು ನಾರ್ತ್ ಕ್ಯಾರೊಲೈನಾ ಗಡಿಯಲ್ಲಿ ಹಾದುಹೋಗುವ ಯುಎಸ್ 129 ರಸ್ತೆಯ ಒಂದು ತುಂಡು. ಉದ್ದ 11 ಮೈಲಿ, ಅಂದರೆ ಸುಮಾರು 18 ಕಿ.ಮೀ. ಅಷ್ಟರಲ್ಲೇ 318 ತಿರುವುಗಳು. ಸುತ್ತ ಕಾಡು. ನಡುವೆ ಬೇರೆ ರಸ್ತೆ ಬಂದು ಸೇರುವುದಿಲ್ಲ, ಮನೆಗಳಿಲ್ಲ. ಬೈಕ್ ಓಡಿಸುವವರಿಗೆ ಇಷ್ಟವಾಗುವುದೇ ಅದು. ವೇಗದ ಮಿತಿ ಗಂಟೆಗೆ 30 ಮೈಲಿ. ಬೋರ್ಡ್ ನೋಡಿದಾಗ ನನಗೆ ಇದು ತೀರಾ ಕಡಿಮೆ ಆಯಿತಲ್ಲ ಅನ್ನಿಸಿತ್ತು.

ದಕ್ಷಿಣದ ತುದಿಯ ಡೀಲ್ಸ್ ಗ್ಯಾಪ್‌ನಲ್ಲಿ ಒಂದು ಮರವಿದೆ. ಟ್ರೀ ಆಫ್ ಶೇಮ್ ಅಂತಾರೆ. ಆ ರಸ್ತೆಯಲ್ಲಿ ಬಿದ್ದ ಬೈಕುಗಳ ಮುರಿದ ಭಾಗಗಳನ್ನು ತಂದು ಅದಕ್ಕೆ ನೇತುಹಾಕುತ್ತಾರೆ. ನಾವು ನಾಲ್ವರೂ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆವು. ಗೀಚು ಬಿದ್ದ ಟ್ಯಾಂಕು, ಸೊಟ್ಟಗಾದ ಹ್ಯಾಂಡಲ್. ಒಂದೊಂದರ ಹಿಂದೆಯೂ ಒಬ್ಬ ಮನುಷ್ಯ ಬಿದ್ದಿದ್ದಾನೆ ಅನ್ನುವುದು ಆಗ ತಲೆಗೆ ಬರಲೇ ಇಲ್ಲ.

ನಮ್ಮಲ್ಲಿ ಮುಂದೆ ಹೋಗುತ್ತಿದ್ದವನಿಗೆ ಹದಿನೈದು ವರ್ಷದ ಅನುಭವ, ಆ ರಸ್ತೆಗೆ ಅವನು ಬಂದಿದ್ದು ಆರನೇ ಸಲ. ನನಗೆ ಬೈಕ್ ಬಂದು ಎರಡು ವರ್ಷ. ನಾನು ಮೂರನೆಯವನಾಗಿ ಹೊರಟೆ. ಮೊದಲ ಹತ್ತು ನಿಮಿಷ ಆರಾಮಾಗಿತ್ತು. ಆಮೇಲೆ ಮುಂದಿನ ಇಬ್ಬರೂ ಪ್ರತಿ ತಿರುವಿನಲ್ಲಿ ಮರೆಯಾಗತೊಡಗಿದರು. ತಿರುವು ಮುಗಿಸಿದವನು ಥ್ರಾಟಲ್ ತಿರುಗಿಸಿ ಮುಂದೆ ಹೋಗುವಾಗ ನಾನಿನ್ನೂ ಅದೇ ತಿರುವಿನ ಒಳಗೆ ನಿಧಾನವಾಗಿ ಹೋಗುತ್ತಿರುತ್ತಿದ್ದೆ. ಅಂತರ ಬೆಳೆಯುತ್ತಿತ್ತು. ಅದನ್ನು ತುಂಬಲು ನಾನು ಅವನಿಗಿಂತ ಜೋರಾಗಿ ಹೋಗಬೇಕಿತ್ತು. ಗುಂಪಿನಲ್ಲಿ ಹಿಂದಿರುವವರಿಗೆ ಹೀಗೇ ಆಗುತ್ತದೆ: ಎಲ್ಲರಿಗಿಂತ ಹೊಸಬ ಎಲ್ಲರಿಗಿಂತ ಹೆಚ್ಚು ವೇಗದಲ್ಲಿ ಓಡಿಸುತ್ತಿರುತ್ತಾನೆ. ನನಗೆ ಯಾರೂ ಬೇಗ ಬಾ ಅಂದಿರಲಿಲ್ಲ. ನಾನೇ ಹಿಂದೆ ಬೀಳಬಾರದು ಅಂದುಕೊಂಡಿದ್ದೆ.

ಅದು ಬಲ ತಿರುವು. ಒಳಗೆ ಹೋದ ಮೇಲೆ ಇನ್ನೂ ಬಿಗಿಯಾಗುವಂಥದ್ದು. ನನ್ನ ವೇಗ 45 ಮೈಲಿ ಇದ್ದಿರಬೇಕು. 30ಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಅಷ್ಟೇ, ಆದರೆ ಅದೇ ತಿರುವಿನಲ್ಲಿ ಟೈರ್ ಹಿಡಿಯಬೇಕಾದ ಬಲ ಎರಡೂಕಾಲು ಪಟ್ಟು ಆಗುತ್ತದೆ. ಎದುರಿನಿಂದ ಒಂದು ಬಿಳಿ ಪಿಕಪ್ ಬಂತು. ಅದರ ಮುಂಭಾಗವನ್ನೇ ನೋಡಿದೆ. ನಾಲ್ಕೂ ಬೆರಳು ಮುಂದಿನ ಬ್ರೇಕ್ ಹಿಡಿದುಬಿಟ್ಟವು. ವಾಲಿದ ಬೈಕಿನಲ್ಲಿ ಹಾಗೆ ಹಿಡಿದರೆ ಒಂದೋ ಮುಂದಿನ ಚಕ್ರ ಜಾರುತ್ತದೆ, ಇಲ್ಲವೇ ಬೈಕ್ ಎದ್ದು ನಿಂತು ನೇರಕ್ಕೆ ಹೋಗುತ್ತದೆ. ನನ್ನದು ನೇರಕ್ಕೆ ಹೋಯಿತು. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ನಡುವಿನ ಜೋಡಿ ಹಳದಿ ಗೆರೆ ದಾಟಿ ಪಿಕಪ್‌ನವನ ಲೇನ್‌ಗೆ.

ನಾನು ಇವತ್ತು ಬದುಕಿರುವುದು ಆ ಡ್ರೈವರ್‌ನಿಂದ. ಅವನು ಗಾಡಿಯನ್ನು ಪೂರ್ತಿ ತನ್ನ ಅಂಚಿಗೆ ಎಳೆದುಕೊಂಡು ನಿಲ್ಲಿಸಿಬಿಟ್ಟ. ನನ್ನ ಹ್ಯಾಂಡಲ್‌ನ ತುದಿ ಅದರ ಹಿಂಬದಿಗೆ ಉಜ್ಜಿತು, ನಾನು ಭುಜ ಊರಿ ಬಿದ್ದೆ. ಮೂಳೆ ಮುರಿದ ಸದ್ದು ಹೆಲ್ಮೆಟ್ ಒಳಗೇ ಕೇಳಿಸಿತು.

ಫೋನ್ ತೆಗೆದರೆ ಯಾರ ಫೋನಿಗೂ ಸಿಗ್ನಲ್ ಇಲ್ಲ. ಹಿಂದೆ ಬರುತ್ತಿದ್ದ ಗೆಳೆಯ ನನ್ನ ಹತ್ತಿರ ಬರಲಿಲ್ಲ. ಮೊದಲು ತಿರುವಿನ ಆಚೆಗೆ ಓಡಿ ಬರುವ ಗಾಡಿಗಳನ್ನು ಕೈಬೀಸಿ ನಿಲ್ಲಿಸತೊಡಗಿದ. ಅದು ನೆನಪಿಟ್ಟುಕೊಳ್ಳಿ. ಕುರುಡು ತಿರುವಿನಲ್ಲಿ ಬಿದ್ದವನ ಸುತ್ತ ಎಲ್ಲರೂ ಗುಂಪುಗೂಡಿದರೆ ಮುಂದಿನ ಗಾಡಿ ಎಲ್ಲರ ಮೇಲೂ ಬರುತ್ತದೆ. ಹೆಲ್ಮೆಟ್ ತೆಗೆಯಲೂ ಯಾರನ್ನೂ ಬಿಡಲಿಲ್ಲ. ಸಿಗ್ನಲ್ ಹುಡುಕಿಕೊಂಡು ಒಂದು ಕಾರಿನವರು ಕೆಳಗೆ ಹೋದರು. ಆಂಬುಲೆನ್ಸ್ ಬರಲು ಐವತ್ತು ನಿಮಿಷ ಹಿಡಿಯಿತು. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಸ್ಯಾಟಲೈಟ್ ಮೂಲಕ ಎಸ್‌ಓಎಸ್ ಕಳಿಸುವ ಸಾಧನ ಇರಲಿ.

ಮನೆಯಲ್ಲಿ ಮಲಗಿದ್ದಾಗ ಸುಮ್ನೆ ಓದುತ್ತಾ ಹ್ಯಾರಿ ಹರ್ಟ್ ಅವರ 1981ರ ವರದಿ ಸಿಕ್ಕಿತು. ಲಾಸ್ ಏಂಜಲೀಸ್ ಭಾಗದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿ ಮಾಡಿದ ಅಧ್ಯಯನ. ಬೇರೆ ವಾಹನದ ಪಾತ್ರವಿಲ್ಲದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ಕಾರಣ ಸವಾರನ ತಪ್ಪು. ಅತಿಯಾಗಿ ಬ್ರೇಕ್ ಹಿಡಿದು ಜಾರುವುದು, ಅಥವಾ ವೇಗ ಜಾಸ್ತಿಯಾಗಿ, ಸಾಕಷ್ಟು ವಾಲದೆ ತಿರುವಿನಿಂದ ಹೊರಗೆ ಹೋಗುವುದು. ನನ್ನ ಕಥೆಯನ್ನೇ ನಾನು ಹುಟ್ಟುವ ಮೊದಲೇ ಬರೆದಿಟ್ಟ ಹಾಗಿತ್ತು.

ಇದಕ್ಕಿಂತ ಹೆಚ್ಚು ಕಲಿಸಿದ್ದು ಒಂದು ಫೋಟೊ. ಆ ರಸ್ತೆಯ ತಿರುವುಗಳಲ್ಲಿ ಫೋಟೊಗ್ರಾಫರ್‌ಗಳು ಕೂತಿರುತ್ತಾರೆ, ಹೋಗುವವರ ಚಿತ್ರ ತೆಗೆದು ಮಾರುತ್ತಾರೆ. ನಾನು ಬೀಳುವ ಎರಡು ತಿರುವು ಮೊದಲು ತೆಗೆದ ಚಿತ್ರ ಸಿಕ್ಕಿತು. ಬೈಕ್ ಬಲಕ್ಕೆ ವಾಲಿದೆ, ಆದರೆ ನನ್ನ ಮುಖ ತಿರುವಿನ ಕಡೆ ಇಲ್ಲ. ನೇರವಾಗಿ ಮುಂದಿನವನ ಟೈಲ್ ಲೈಟ್ ಕಡೆ ಇದೆ. ಮೊಣಕೈಗಳು ಕೋಲಿನ ಹಾಗೆ ಸೆಟೆದಿವೆ. ಹಳದಿ ಗೆರೆಗೂ ಚಕ್ರಕ್ಕೂ ನಡುವೆ ಒಂದು ಗೇಣೂ ಇಲ್ಲ. ಅಂದರೆ ನಾನು ಆಗಲೇ ಕೈಮೀರಿ ಹೋಗಿದ್ದೆ, ಗೊತ್ತಾಗಿರಲಿಲ್ಲ.

ನೀವು ಹೋಗುವುದಾದರೆ ಹೊರಡುವ ಮೊದಲೇ ಎಲ್ಲಿ ಕಾಯುತ್ತೀರಿ ಅಂತ ಮಾತಾಡಿಕೊಳ್ಳಿ. ಮುಂದಿನವನು ಕಣ್ಣಿಗೆ ಕಾಣದಿದ್ದರೂ ಪರವಾಗಿಲ್ಲ, ಅಲ್ಲಿ ಸಿಗುತ್ತಾನೆ ಅಂತ ಗೊತ್ತಿದ್ದರೆ ಅಟ್ಟಿಸಿಕೊಂಡು ಹೋಗುವ ಆತುರ ಅರ್ಧ ಇಳಿಯುತ್ತದೆ. ಕಣ್ಣು ಅವನ ಬೈಕ್ ಮೇಲಲ್ಲ, ರಸ್ತೆಯ ಎರಡು ಅಂಚುಗಳು ದೂರದಲ್ಲಿ ಕೂಡಿದಂತೆ ಕಾಣುವ ಜಾಗದ ಮೇಲಿರಲಿ. ಆ ಜಾಗ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಿಮ್ಮ ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ಬ್ರೇಕ್ ಕೆಲಸ ವಾಲುವ ಮೊದಲೇ ಮುಗಿದಿರಲಿ. ಹಿಂದಿನಿಂದ ಯಾರಾದರೂ ಅವಸರದಲ್ಲಿ ಬಂದರೆ, ಗಾಡಿ ಬದಿಗೆ ನಿಲ್ಲಿಸಲು ಅಲ್ಲಲ್ಲಿ ಜಾಗಗಳಿವೆ. ನಿಲ್ಲಿಸಿ ಅವರನ್ನು ಹೋಗಲು ಬಿಡಿ.

ಆಸ್ಪತ್ರೆಯಲ್ಲಿ ನಮ್ಮ ಮುಂದಿನ ಸವಾರ ನನ್ನ ಮಂಚದ ಪಕ್ಕ ಕೂತು ಕಣ್ಣೀರು ಹಾಕಿದ. "ನನ್ ಸ್ಪೀಡಲ್ಲಿ ಬಾ ಅಂತ ನಿಂಗೆ ಯಾರೋ ಹೇಳಿದ್ರು? ಆ ಕಡೆ ತುದೀಲಿ ಕಾಯ್ತಿದ್ದೆ ಕಣೋ."

ಅದನ್ನು ಬೆಳಿಗ್ಗೆ ಹೊರಡುವಾಗ ನಾನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.