ಬರೆಗೆ ಒರಗಿದ ಕೋಣೆಗೆ ಯಾವ ಬಣ್ಣ ಬೆಚ್ಚಗೆ? ನಾಲ್ಕನ್ನು ಹಚ್ಚಿ ನೋಡಿದೆವು

ನಮ್ಮ ಮನೆ ಇರುವುದು ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯ ಇಳಿಜಾರಿನಲ್ಲಿ. ರಸ್ತೆ ಮಟ್ಟಕ್ಕೆ ಮನೆ, ಅದರ ಕೆಳಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು, ಕಡಿದು ಕಟ್ಟಿದ ಒಂದು ಕೋಣೆ. 14 ಅಡಿ ಉದ್ದ, 11 ಅಡಿ ಅಗಲ, ಕೈ ಎತ್ತಿದರೆ ಮುಟ್ಟೀತೇನೋ ಅನ್ನಿಸುವ ಮಾಡು. ಹಿಂದಿನ ಗೋಡೆಯ ಆಚೆ ಬರೀ ಮಣ್ಣು. ಮುಂದೆ ಒಂದು ಬಾಗಿಲು, ಉತ್ತರಕ್ಕೆ ಒಂದೇ ಕಿಟಕಿ, ಕಿಟಕಿಯಾಚೆ ಕಾಫಿ ತೋಟ. ಇಷ್ಟು ವರ್ಷ ಅಲ್ಲಿ ಕಾಫಿ ಚೀಲ, ಸೌದೆ, ಏಣಿ, ಗೊಬ್ಬರ ಇದ್ದವು. ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತೇನೆಂದು ಮಗಳು ಬಂದ ಮೇಲೆ ಅದನ್ನು ಅವಳಿಗೆ ಬಿಟ್ಟುಕೊಡುವುದೆಂದಾಯಿತು. ಅವಳು ಕೇಳಿದ್ದು ಒಂದೇ: "ಅಮ್ಮಾ, ಒಳಗೆ ಹೆಜ್ಜೆ ಇಟ್ಟರೆ ಚಳಿ ಅನ್ನಿಸಬಾರದು."

ಪೇಂಟರ್ ಬಂದು ಒಂದು ಸುತ್ತು ನೋಡಿ, "ಕಣ್ಣು ಮುಚ್ಚಿ ಹಳದಿ ಹಾಕ್ಸಿ ಅಕ್ಕಾ, ಕತ್ತಲೆ ಕೋಣೆಗೆ ಹಳದಿಯೇ ಮದ್ದು" ಅಂದರು. ಅಂಗಡಿಯವರು ಪೀಚ್ ತೋರಿಸಿದರು. ನನಗೆ ನಮ್ಮ ಹಳೆಯ ಜಗಲಿಯ ರೆಡ್ ಆಕ್ಸೈಡ್ ನೆಲದಂಥ ಕೆಮ್ಮಣ್ಣಿನ ಬಣ್ಣದ ಮೇಲೆ ಆಸೆ. ಮಗಳು ಆರಿಸಿದ್ದು ಶೇಡ್ ಕಾರ್ಡಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಸಪ್ಪೆ ಬಣ್ಣವನ್ನು: ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಮಾಡುವ ತಂಬಿಟ್ಟಿನ ಪುಡಿ ಇರುತ್ತದಲ್ಲ, ಹುರಿದ ಅಕ್ಕಿಯ ಆ ತಿಳಿ ಕಂದು.

ಕಾರ್ಡಿನ ಮೇಲೆ ಬೆರಳುಗುರಿನಷ್ಟು ಬಣ್ಣ ನೋಡಿ ನಾಲ್ಕು ಗೋಡೆ ತೀರ್ಮಾನಿಸುವುದು ನನಗೆ ಹಿಡಿಸಲಿಲ್ಲ. ಮಳೆಯಲ್ಲಿ ಹೇಗಿದ್ದರೂ ಗೋಡೆಗೆ ಬಣ್ಣ ಹೊಡೆಯುವಂತಿರಲಿಲ್ಲ. ಮೂರು ಅಡಿ ಚದರದ ನಾಲ್ಕು ಪ್ಲೈವುಡ್ ಹಲಗೆಗಳಿಗೆ ಪ್ರೈಮರ್ ಹಚ್ಚಿ, ಒಂದೊಂದಕ್ಕೂ ಎರಡು ಕೈ ಬಣ್ಣ ಹೊಡೆಸಿ, ಅಂಚಿನಲ್ಲಿ ನಾಲ್ಕು ಬೆರಳು ಬಿಳಿ ಬಿಡಿಸಿದೆ. ಹಲಗೆಯಾದರೆ ಕಿಟಕಿ ಪಕ್ಕವೂ ಇಡಬಹುದು, ಹಿಂದಿನ ಕತ್ತಲೆ ಮೂಲೆಗೂ ಒಯ್ಯಬಹುದು. ಜುಲೈ ಮಧ್ಯದಲ್ಲಿ ಕಕ್ಕಡ ತಿಂಗಳು ಹುಟ್ಟಿದಾಗಿನಿಂದ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದವರೆಗೆ, ಮೂರು ತಿಂಗಳು, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಬಲ್ಬಿನ ಕೆಳಗೆ ನೋಡಿದೆವು.

ಮೊದಲ ವಾರದಲ್ಲೇ ಒಂದು ವಿಷಯ ತಿಳಿಯಿತು. ನಮ್ಮ ಕೋಣೆಗೆ ಬರುವ ಬೆಳಕು ಬಿಳಿಯಲ್ಲ, ಹಸಿರು. ಎಲೆ ತನ್ನ ಮೇಲೆ ಬಿದ್ದ ಬೆಳಕಿನ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಮೋಡ ಮುಚ್ಚಿದ ಆಕಾಶದ ತಣ್ಣನೆಯ ಬೆಳಕು ಸಿಲ್ವರ್ ಓಕ್, ಹಾಲುವಾಣ, ಕಾಫಿ ಗಿಡ ಎಲ್ಲವನ್ನೂ ದಾಟಿ, ಪಾಚಿಗಟ್ಟಿದ ಅಂಗಳಕ್ಕೂ ಬಡಿದು ಒಳಗೆ ಬರುವಾಗ ಅದರಲ್ಲಿ ಉಳಿದಿರುವುದು ಹೆಚ್ಚಾಗಿ ಹಸಿರೇ. ನಾಲ್ಕು ಹಲಗೆಗಳ ಅಂಚಿನ ಬಿಳಿಯನ್ನು ನೋಡಿದರೇ ಸಾಕು, ಗೊತ್ತಾಗುತ್ತಿತ್ತು.

ಹಳದಿ ಸೋತದ್ದು ಇಲ್ಲೇ. ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಾಗ ಅದು ಬೆಣ್ಣೆ ಕಾಯಿಸುವಾಗಿನ ಬಣ್ಣ, ನೋಡಿದರೇ ಹೊಟ್ಟೆ ಬೆಚ್ಚಗಾಗುವಂತಿತ್ತು. ಕೋಣೆಯ ಒಳಗೆ, ಜುಲೈಯ ಬೆಳಿಗ್ಗೆ, ಅದೇ ಹಲಗೆ ಎಳೆ ನಿಂಬೆಕಾಯಿಯಾಯಿತು. ಹಳದಿ ಬಣ್ಣ ನೀಲಿಯನ್ನು ನುಂಗಿ ಕೆಂಪು, ಹಸಿರು ಎರಡನ್ನೂ ತಿರುಗಿ ಕೊಡುತ್ತದೆ. ಬರುವ ಬೆಳಕಿನಲ್ಲೇ ಹಸಿರು ಹೆಚ್ಚಿದ್ದರೆ ಅದು ಆ ಕಡೆಗೇ ವಾಲುತ್ತದೆ. ಎರಡನೆಯ ತೊಂದರೆ ಮಗಳು ಕಂಡದ್ದು. ಹಲಗೆಯನ್ನು ಮೇಜಿನ ಪಕ್ಕ ನಿಲ್ಲಿಸಿ ಆಫೀಸಿನವರ ಜೊತೆ ವಿಡಿಯೊ ಕಾಲ್ ಮಾಡಿದಳು. ಮುಗಿಸಿ ಮೇಲೆ ಬಂದು, "ಮುಖ ಕಾಮಾಲೆ ಹಿಡಿದವರ ಹಾಗೆ ಕಾಣ್ತದೆ ಅಮ್ಮಾ" ಅಂದಳು. ಗಾಢ ಹಳದಿ ಗೋಡೆ ತನ್ನ ಬಣ್ಣವನ್ನು ಹತ್ತಿರ ಕೂತವರ ಮೇಲೂ ಚೆಲ್ಲುತ್ತದೆ. ಸಣ್ಣ ಕೋಣೆಯಲ್ಲಿ ನಾಲ್ಕೂ ಕಡೆಯಿಂದ ಅದೇ ಆದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಆದರೂ ಹಳದಿಯ ಪರ ಒಂದು ಮಾತು ಹೇಳಲೇಬೇಕು. ಅಕ್ಟೋಬರಿನಲ್ಲಿ ಬಿಸಿಲು ಬಂದ ನಾಲ್ಕು ದಿನ ಹಲಗೆಯನ್ನು ಮೇಲಿನ ಅಡುಗೆಮನೆಗೆ ತಂದಿಟ್ಟೆ. ಪೂರ್ವದ ಕಿಟಕಿಯ ಆ ಬೆಳಕಿಗೆ ಅದರಷ್ಟು ಚೆಂದ ಬೇರೊಂದಿಲ್ಲ. ಅಡುಗೆಮನೆಗೆ ಮುಂದಿನ ವರ್ಷ ಅದನ್ನೇ ಹೊಡೆಸುತ್ತೇನೆ.

ಪೀಚ್ ಬಗ್ಗೆ ಹೇಳಲು ಹೆಚ್ಚಿಲ್ಲ. ಹಗಲಿಗೆ ಬೂದಿ ಕಲಸಿದ ಗುಲಾಬಿ, ರಾತ್ರಿ ಬಲ್ಬಿನಡಿ ಸುಮಾರು. ಎರಡನೆಯ ವಾರಕ್ಕೇ ಅದನ್ನು ಬಿಟ್ಟೆವು.

ಕೆಮ್ಮಣ್ಣನ್ನು ಬಿಡುವುದು ನನಗೆ ಕಷ್ಟವಾಯಿತು. ರಾತ್ರಿ, ಹೊರಗೆ ಮಳೆ ಹೊಯ್ಯುವಾಗ, ಹಳದಿ ಬೆಳಕಿನ ಒಂದೇ ಬಲ್ಬಿನ ಕೆಳಗೆ ಆ ಹಲಗೆ ಒಲೆಯ ಕೆಂಡದ ಹಾಗೆ ಇತ್ತು. ಮೂರು ತಿಂಗಳಲ್ಲಿ ನಾಲ್ಕರಲ್ಲಿ ನಿಜವಾಗಿ ಬೆಚ್ಚಗೆ ಅನ್ನಿಸಿದ ಬಣ್ಣ ಅದೊಂದೇ, ರಾತ್ರಿಯ ಮಟ್ಟಿಗೆ. ಹಗಲು ಬಂದರೆ ಕಥೆ ಬೇರೆ. ಅದು ಹಸಿರು, ನೀಲಿ ಎರಡನ್ನೂ ನುಂಗುವ ಬಣ್ಣ. ನಮ್ಮ ಕಿಟಕಿಯಿಂದ ಬರುವುದು ಹೆಚ್ಚಾಗಿ ಹಸಿರೇ ಆದ್ದರಿಂದ ಹಿಂದಕ್ಕೆ ಕೊಡಲು ಅದರ ಬಳಿ ಹೆಚ್ಚೇನೂ ಉಳಿಯುವುದಿಲ್ಲ. ಗೋಡೆ ಹಳಸಿದ ಚಾಕೊಲೇಟಿನ ಬಣ್ಣಕ್ಕೆ ತಿರುಗಿ ಕೋಣೆ ಎರಡಡಿ ಕಿರಿದಾದಂತಾಗುತ್ತದೆ. ಕಂಪನಿಗಳು ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಎಂಬ ಒಂದು ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಗೋಡೆ ತಿರುಗಿ ಕೊಡುತ್ತದೆ ಎಂಬ ಲೆಕ್ಕ ಅದು. ಕಪ್ಪಿಗೆ 0, ಅಪ್ಪಟ ಬಿಳಿಗೆ 100. ನನ್ನ ಕೆಮ್ಮಣ್ಣು 22, ಮಗಳ ತಂಬಿಟ್ಟು 64. ಒಂದೇ ಕಿಟಕಿಯ ಕೋಣೆಯಲ್ಲಿ ಈ ಅಂತರ ಸಣ್ಣದಲ್ಲ. ಬಣ್ಣ ಕೊಳ್ಳುವ ಮೊದಲು ಅಂಗಡಿಯಲ್ಲಿ ಈ ಅಂಕಿಯನ್ನು ಕೇಳಿ ನೋಡಿ.

ತಂಬಿಟ್ಟಿನ ಹಲಗೆ ಮೊದಲ ದಿನ ಯಾರಿಗೂ ಇಷ್ಟವಾಗಲಿಲ್ಲ, ಮಗಳೊಬ್ಬಳನ್ನು ಬಿಟ್ಟು. ಆದರೆ ದಿನ ಕಳೆದಂತೆ ಗಮನಿಸಿದೆ: ಉಳಿದ ಮೂರೂ ಹೊತ್ತು ಹೊತ್ತಿಗೆ ವೇಷ ಬದಲಿಸುತ್ತಿದ್ದವು, ಇದು ಬದಲಿಸಲಿಲ್ಲ. ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮವಾಗಿ ತಿರುಗಿ ಕೊಡುತ್ತದೆ, ಕೆಂಪನ್ನು ಒಂದು ಚಿಟಿಕೆ ಹೆಚ್ಚು. ಆ ಚಿಟಿಕೆ ಕೆಂಪೇ ತೋಟದ ಹಸಿರನ್ನು ಸರಿದೂಗಿಸುವುದು. ಧಾರಾಕಾರ ಮಳೆಯ ಮಧ್ಯಾಹ್ನವೂ ಅದು ಹಾಲು ಹೆಚ್ಚಾದ ಕಾಫಿಯ ಹಾಗೆ ಶಾಂತವಾಗಿತ್ತು. ತಿಳಿ ಬಣ್ಣ ಆರಿಸುವಾಗ ಅದೇ ಸಾಲಿನ ಅತಿ ಗಾಢ ಬಣ್ಣವನ್ನು ಕಾರ್ಡಿನಲ್ಲಿ ನೋಡಬೇಕು. ಅಲ್ಲಿ ಇಟ್ಟಿಗೆ ಕೆಂಪು ಇದ್ದರೆ ತಿಳಿಯದರಲ್ಲೂ ಕೆಂಪು ಅಡಗಿದೆ. ಸಾಸಿವೆ ಹಳದಿ ಇದ್ದರೆ ನಮ್ಮಂಥ ಕೋಣೆಗೆ ಬೇಡ.

ಬಲ್ಬಿನ ಮಾತು. ಮಳೆಗಾಲದಲ್ಲಿ ಇಲ್ಲಿ ಹಗಲೂ ದೀಪ ಬೇಕು. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ: ಅಂಕಿ ಹೆಚ್ಚಿದಷ್ಟೂ ಬೆಳ್ಳಗೆ, ಇಳಿದಷ್ಟೂ ಹಳದಿ. 6500 ಕೆಲ್ವಿನ್‌ನ ಬೆಳ್ಳನೆಯ ಟ್ಯೂಬ್ ಲೈಟಿನ ಕೆಳಗೆ ನಾಲ್ಕೂ ಹಲಗೆಗಳು ಸತ್ತಂತಿದ್ದವು. 2700ರಲ್ಲಿ ಎಲ್ಲವೂ ಚೆಂದ, ಆದರೆ ಮಗಳಿಗೆ ಓದುತ್ತಾ ಕೂತರೆ ತೂಕಡಿಕೆ. ಮೇಜಿನ ಮೇಲೆ 4000, ಮೂಲೆಯಲ್ಲಿ 2700, ಹೀಗೆ ಎರಡು ಇಟ್ಟಿದ್ದೇವೆ. ಟ್ಯೂಬ್ ಲೈಟನ್ನೇ ಉಳಿಸಿಕೊಳ್ಳುವುದಾದರೆ ಬೆಚ್ಚನೆಯ ಬಣ್ಣಕ್ಕೆ ದುಡ್ಡು ಸುರಿಯುವುದು ವ್ಯರ್ಥ.

ಇಷ್ಟೆಲ್ಲ ತಂಬಿಟ್ಟಿನ ಬಣ್ಣ ಗೆದ್ದ ಮೂರು ಗೋಡೆಗಳ ಕಥೆ. ಬರೆಗೆ ಒರಗಿದ ಹಿಂದಿನ ಗೋಡೆಗೆ ಬಣ್ಣಕ್ಕಿಂತ ಮೊದಲು ನೀರಿನ ಪ್ರಶ್ನೆ. ಹಿಂದೆ ಯಾವಾಗಲೋ ಅದಕ್ಕೆ ಆಯಿಲ್ ಪೇಂಟ್ ಹೊಡೆಸಿದ್ದೆವು, ತೇವ ತಡೆಯುತ್ತದೆಂಬ ನಂಬಿಕೆಯಿಂದ. ತಡೆಯಿತು, ಒಳಗಡೆಯೇ! ಹೊರಬರಲು ದಾರಿಯಿಲ್ಲದ ನೀರು ಪೇಂಟನ್ನು ಹಪ್ಪಳದ ಹಾಗೆ ಎಬ್ಬಿಸಿತು. ಅದರ ಹಿಂದೆ ಬಿಳಿ ಉಪ್ಪು, ಅಂಚಿಗೆ ಕಪ್ಪು ಬೂಷ್ಟು. ನಿಮ್ಮಲ್ಲೂ ಇಂಥ ಗೋಡೆ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿಗಟ್ಟಿದರೆ ನೀರು ಮಣ್ಣಿನಿಂದ ಬರುತ್ತಿದೆ. ಕೋಣೆಯ ಕಡೆ ಹನಿಗಟ್ಟಿದರೆ ಗಾಳಿಯ ತೇವ, ಕಿಟಕಿ ತೆರೆದರೆ ಅರ್ಧ ಸರಿಹೋಗುತ್ತದೆ. ನಮ್ಮದು ಮೊದಲನೆಯದು. 2018ರ ಆಗಸ್ಟ್‌ನಲ್ಲಿ ಸುತ್ತಲಿನ ಬರೆಗಳು ಜಾರಿದ್ದನ್ನು ಕಣ್ಣಾರೆ ಕಂಡವರು ನಾವು. ಮಣ್ಣಿನೊಳಗಿನ ನೀರಿಗೆ ದಾರಿ ಕೊಡದೆ ಗೋಡೆಗೆ ಶೃಂಗಾರ ಮಾಡಲು ನನಗೆ ಧೈರ್ಯವಿರಲಿಲ್ಲ. ಮೊದಲು ಮನೆಯ ಮಾಡಿನ ಮಳೆನೀರನ್ನು ಪೈಪಿನಲ್ಲಿ ದೂರ ಬಿಟ್ಟು, ಬರೆಯ ಮೇಲ್ಭಾಗದಲ್ಲಿ ಚರಂಡಿ ತೆಗೆಸಿದೆವು.

ಆಮೇಲೆ ಆ ಗೋಡೆಯ ಒಂದೊಂದು ಗಜದಲ್ಲಿ ಎರಡನ್ನು ಹೋಲಿಸಿದೆವು: ಒಂದು ಕಡೆ ನೀರಿನಲ್ಲಿ ಕಲಸುವ ಎಮಲ್ಷನ್ ಪೇಂಟ್, ಇನ್ನೊಂದು ಕಡೆ ಹಳೆಯ ಪೇಂಟನ್ನು ಪೂರ್ತಿ ಕೆರೆದು ಕಾವಿ ಕಲಸಿದ ಸುಣ್ಣ. ಎಮಲ್ಷನ್ ಆರು ವಾರಕ್ಕೆ ಬುಡದಲ್ಲಿ ಗುಳ್ಳೆ ಎದ್ದಿತು. ಸುಣ್ಣ ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಕಾವಿಯೂ ಕಬ್ಬಿಣದ ಆಕ್ಸೈಡ್ ಆದ್ದರಿಂದ ಸುಣ್ಣದಲ್ಲಿ ಬಣ್ಣ ಕೆಡುವುದಿಲ್ಲ. ಹಸಿಯಿದ್ದಾಗ ಹಚ್ಚಿದ ಬಣ್ಣ ಒಣಗಿದ ಮೇಲೆ ಎಷ್ಟೋ ತಿಳಿಯಾಗುತ್ತದೆ. ಮೊದಲ ದಿನ ಪೇಂಟರ್ ಗಾಬರಿಯಾಗಿ ಇನ್ನಷ್ಟು ಕಾವಿ ಸುರಿಯಲು ಹೊರಟಾಗ ಕೈ ಹಿಡಿದು ನಿಲ್ಲಿಸಿದೆ. ಗೋಡೆ ನೆನೆಸಿ, ತೆಳ್ಳಗೆ ಐದು ಕೈ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಅದಕ್ಕೇ ಮಂಚವನ್ನು ಒಂದು ಗೇಣು ಮುಂದೆ ಸರಿಸಿದ್ದೇವೆ. ನನ್ನ ಕೆಮ್ಮಣ್ಣು ಹೀಗೆ, ತಿಳಿಯಾಗಿ, ಒಂದು ಗೋಡೆಯಲ್ಲಿ ಉಳಿದುಕೊಂಡಿತು.

ಪುತ್ತರಿಗೆ ಮೊದಲು ಕೆಲಸ ಮುಗಿಯಿತು. ಕಿಟಕಿಯ ಚೌಕಟ್ಟು ಮಾತ್ರ ಇನ್ನೂ ಹಳೆಯ ಹಸಿರಿನಲ್ಲಿದೆ. ಅದಕ್ಕೂ ಕೆಮ್ಮಣ್ಣೇ ಇರಲಿ ಎಂದು ಮಗಳು ಹೇಳುತ್ತಿದ್ದಾಳೆ. ಹಲಗೆಗೆ ತಂದದ್ದರಲ್ಲಿ ಅರ್ಧ ಡಬ್ಬಿ ಉಳಿದಿದೆಯಾದರೂ ಅದು ಗೋಡೆಯ ಎಮಲ್ಷನ್, ಮಳೆ ಬಡಿಯುವ ಮರಕ್ಕೆ ಆಗದು. ಅದೇ ಬಣ್ಣವನ್ನು ಎನಾಮೆಲ್‌ನಲ್ಲಿ ಬೆರೆಸಿಕೊಡಲು ಅಂಗಡಿಯಲ್ಲಿ ಹೇಳಿದ್ದೇನೆ. ಮರ ಚೆನ್ನಾಗಿ ಒಣಗಲು ಜನವರಿ ಬರಬೇಕು.