ಕೋಥ್ರೂಡ್‌ನ ಫಿಸಿಯೋ ಕ್ಲಿನಿಕ್: ಚೆಂಡು ಎಸೆಯುವ ಕೈಗೆ ಪೆಟ್ಟಾದವರು ಇಲ್ಲಿಗೆ ಹೋಗಿ

ಪುಣೆಯ ಕರ್ವೆ ರಸ್ತೆಯ ಒಂದು ಒಳಗಲ್ಲಿಯಲ್ಲಿ, ಎರಡನೇ ಮಹಡಿಯಲ್ಲಿ ಈ ಕ್ಲಿನಿಕ್ ಇದೆ. ಲಿಫ್ಟ್ ಇಲ್ಲ, ಸಂಜೆ ಹೊತ್ತು ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಆದರೂ ಹೋಗಿ ಅಂತೀನಿ.

ನನ್ನ ತಮ್ಮ ಕಾಲೇಜು ಬೇಸ್‌ಬಾಲ್ ತಂಡದಲ್ಲಿ ರಿಲೀಫ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು ಪಿಚರ್). ಅಂದರೆ ಪಂದ್ಯ ಶುರು ಮಾಡುವವನಲ್ಲ, ಮೊದಲ ಪಿಚರ್ ದಣಿದಾಗ ಅಥವಾ ಎದುರಿನವರು ರನ್ ಹೊಡೆಯತೊಡಗಿದಾಗ ಮಧ್ಯದಲ್ಲಿ ಇಳಿಯುವವನು. ಅವನ ಮೊಣಕೈಯ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಸ್ವಲ್ಪ ಹರಿದಿತ್ತು. ಅದು ಪೂರ್ತಿ ಹೋದರೆ ಟಾಮಿ ಜಾನ್ ಆಪರೇಷನ್ ಬೇಕಾಗುತ್ತದೆ, ಮೈಯ ಬೇರೆ ಕಡೆಯಿಂದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಅಲ್ಲಿ ಕೂರಿಸುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಅನ್ನೋ ಪಿಚರ್‌ಗೇ. ಆತ 1976ರಲ್ಲಿ ಮರಳಿ ಬಂದು 1989ರವರೆಗೂ ಆಡಿದ. ನಮ್ಮವನಿಗೆ ಅಷ್ಟು ದೂರ ಹೋಗಲಿಲ್ಲ, ಪುಣ್ಯ.

ಮೊದಲು ತೋರಿಸಿದ್ದ ಬೇರೊಂದು ಕಡೆ ಶಾಖ ಕೊಟ್ಟು, ನೋವು ನಿಂತ ಕೂಡಲೇ ಹೋಗಿ ಆಡು ಅಂದುಬಿಟ್ಟರು. ಹೋದ. ವೇಗ ಹಾಗೇ ಇತ್ತು, ಆದರೆ ಚೆಂಡು ಅವನು ಹೇಳಿದ ಕಡೆ ಹೋಗುತ್ತಿರಲಿಲ್ಲ. ಬ್ಯಾಟರ್‌ಗಳು ಬ್ಯಾಟ್ ಬೀಸದೆ ಸುಮ್ನೆ ನಿಂತು, ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಆದ ಮೇಲೆ ಪುಕ್ಕಟೆ ಮೊದಲ ಬೇಸ್‌ಗೆ ನಡೆದುಕೊಂಡು ಹೋಗುತ್ತಿದ್ದರು. ಅದನ್ನು ನೋಡುತ್ತಾ ಕೂರುವುದು ಬಹಳ ಸಂಕಟ.

ಈ ಕ್ಲಿನಿಕ್‌ನವರು ಕೈ ಮುಟ್ಟುವ ಮೊದಲು ಅವನ ಸೊಂಟ, ಕಾಲು, ಭುಜದ ಹಿಂದಿನ ಮೂಳೆ ಹೇಗೆ ತಿರುಗುತ್ತವೆ ಅಂತ ನೋಡಿದರು. ಎಸೆತದ ಬಲ ಕಾಲಿನಿಂದ ಹೊರಟು ಸೊಂಟ, ಬೆನ್ನು, ಭುಜ ದಾಟಿ ಕೈಗೆ ಬರುತ್ತದೆ, ಕೆಳಗೆ ಎಲ್ಲಾದರೂ ಕಮ್ಮಿ ಬಿದ್ದರೆ ಮೊಣಕೈ ಅದನ್ನೂ ಹೊರಬೇಕು. ಫಿಸಿಯೋ ಮೇಡಂ ಬೆಳಗಾವಿ ಕಡೆಯವರು. ನೋವೇ ಇಲ್ಲವಲ್ಲ, ಇನ್ನೇನು ಚಿಕಿತ್ಸೆ ಅಂತ ನಮ್ಮಮ್ಮ ಕೇಳಿದಾಗ ಕನ್ನಡದಲ್ಲೇ ಹೇಳಿದರು: "ಅಮ್ಮಾರ, ನೋವು ಹೋಗೂದು ಅರ್ಧ ಕೆಲಸ ಅಷ್ಟ ರೀ. ಕೈಗೆ ಮತ್ತ ನಂಬಿಕಿ ಬರಬೇಕು."

ಆಮೇಲೆ ಹತ್ತಿರದ ಮೈದಾನದಲ್ಲಿ 45 ಅಡಿಯಿಂದ ಮೆತ್ತಗೆ ಎಸೆಯೋದು, ಮರುದಿನ ವಿಶ್ರಾಂತಿ, ನೋವಿಲ್ಲದಿದ್ದರೆ 60, 90, 120 ಅಡಿ. ಪಿಚರ್ ಎಸೆಯುವ ದೂರ 60 ಅಡಿ 6 ಇಂಚು, ಅದಕ್ಕಿಂತ ದೂರದ ಎಸೆತ ಗಟ್ಟಿಯಾದ ಮೇಲಷ್ಟೇ ಪೂರ್ತಿ ಜೋರಿನ ಪಿಚಿಂಗ್. ನನಗೆ ತುಂಬಾ ಹಿಡಿಸಿದ್ದು ಕೊನೆಯ ಹಂತ. ಪಂದ್ಯ ಶುರು ಮಾಡುವ ಪಿಚರ್‌ಗೆ ತನ್ನ ಸರದಿ ಯಾವಾಗ ಅಂತ ಗೊತ್ತಿರುತ್ತದೆ, ರಿಲೀಫ್‌ನವನಿಗೆ ಇರಲ್ಲ, ಗಂಟೆಗಟ್ಟಲೆ ಕೂತಿದ್ದು ಥಟ್ಟನೆ ಎದ್ದು ಬೆಚ್ಚಗಾಗಬೇಕು, ಬೇಕಾದರೆ ಮರುದಿನವೂ ಎಸೆಯಬೇಕು. ಇವರು ಅವನನ್ನು ಬೇಕಂತಲೇ ಕೂರಿಸಿ, ಆಮೇಲೆ ಎಬ್ಬಿಸಿ, ಕೆಲವೇ ಎಸೆತದಲ್ಲಿ ತಯಾರಾಗುವುದನ್ನು ಮಾಡಿಸಿದರು. ಎರಡು ದಿನ ಸತತವಾಗಿ ಎಸೆಯುವುದನ್ನೂ.

ತಮ್ಮ ಬೇಜಾರಾದಾಗೆಲ್ಲ ಅಮೆರಿಕದ ದೊಡ್ಡ ಲೀಗ್‌ನ ರಿಲೀಫ್ ಪಿಚರ್ ಎಡ್ವಿನ್ ಡಯಾಸ್ ಹೆಸರು ಹೇಳುತ್ತಿದ್ದ. 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯ ಒಂದು ಪಂದ್ಯವನ್ನು ತನ್ನ ತಂಡ ಪೋರ್ಟೊ ರಿಕೊ ಗೆದ್ದ ಖುಷಿಯಲ್ಲಿ ಕುಣಿಯುವಾಗ ಡಯಾಸ್ ಮಂಡಿಯ ಟೆಂಡನ್ ಹರಿಯಿತು, ಆ ಇಡೀ ಸೀಸನ್ ಹೋಯಿತು. 2024ರಲ್ಲಿ ತನ್ನ ಆಗಿನ ಲೀಗ್ ತಂಡ ನ್ಯೂಯಾರ್ಕ್ ಮೆಟ್ಸ್‌ಗೆ ಮರಳಿದಾಗ ಮೇ ತಿಂಗಳಲ್ಲಿ ಗೆಲ್ಲುವ ಪಂದ್ಯಗಳು ಕೈತಪ್ಪಿದವು, ಸ್ವಲ್ಪ ಕಾಲ ಕೊನೆಯ ಇನ್ನಿಂಗ್ಸ್ ಎಸೆದು ಪಂದ್ಯ ಮುಗಿಸುವ ಕೆಲಸವೂ ಹೋಯಿತು, ಭುಜವೂ ತೊಂದರೆ ಕೊಟ್ಟಿತು. 2025ರಲ್ಲಿ ಅದೇ ಡಯಾಸ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.63 ರನ್ ಮಾತ್ರ ಕೊಟ್ಟ. ವಾಪಸ್ ಬಂದ ವರ್ಷವನ್ನೇ ನೋಡಿ ಆಟಗಾರನನ್ನು ಅಳೆಯಬಾರದು, ಅಲ್ವಾ?

ಕೊರತೆಗಳೂ ಇವೆ. ಸಂಜೆ ಅಪಾಯಿಂಟ್‌ಮೆಂಟ್ ಇದ್ದರೂ ಕಾಯಿಸುತ್ತಾರೆ. ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಬರೆದು ಕೊಡಲ್ಲ, ಕೇಳಿ ವಿಡಿಯೋ ಮಾಡಿಕೊಳ್ಳಿ. ಎಸೆತದ ಗುರಿಯ ಮೇಲೆ ತಮ್ಮನ ಹಿಡಿತ ಇನ್ನೂ ಪೂರ್ತಿ ಬಂದಿಲ್ಲ, ಒಂದು ದಿನ ಚೆನ್ನಾಗಿರುತ್ತದೆ, ಇನ್ನೊಂದು ದಿನ ಇಲ್ಲ. ಅದು ಹೀಗೇ ಇರುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ವೇಗದ ಬೌಲರ್‌ಗಳೂ, ಜಾವೆಲಿನ್‌ನವರೂ ಬರುತ್ತಾರೆ. ಎಂಆರ್‌ಐ ರಿಪೋರ್ಟ್ ತಗೊಂಡು ಬೆಳಗ್ಗೆ ಹೊತ್ತು ಹೋಗಿ, ಆಗ ಜನ ಕಮ್ಮಿ, ಸಮಾಧಾನವಾಗಿ ನೋಡುತ್ತಾರೆ.