ಹುಳವೋ ನೊಣವೋ: ಕಾಸರಗೋಡಿನ ಸೆಕೆಯಲ್ಲಿ ಎರಡನ್ನೂ ಸಾಕಿ ನೋಡಿದ್ದು

ಲ್ಯಾಬಿನಲ್ಲಿ ಜಂತುಹುಳ ಸಾಕುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಗಾಬರಿಯಾದರು. "ಮೆಣಸಿನ ಬಳ್ಳಿಗೆ ಸೊರಗು ತರುವ ಹುಳವಾ? ಮನೆಗೆ ಬರುವಾಗ ಚಪ್ಪಲಿ ತೊಳೆದುಕೊಂಡು ಬಾ." ಅದು ಬೇರೆಯದು, ಬೇರು ಕೊರೆಯುವ ಜಾತಿ. ನನ್ನದು ಸಿ. ಎಲಿಗನ್ಸ್: ಒಂದು ಮಿಲಿಮೀಟರ್ ಉದ್ದ, ಗಾಜಿನಂತೆ ಪಾರದರ್ಶಕ, ಬ್ಯಾಕ್ಟೀರಿಯ ತಿಂದುಕೊಂಡು ಬದುಕುವ ಬಡಪಾಯಿ.

ಒಂದೆಲಗದ (ನಮ್ಮ ಕಡೆ ತಿಮರೆ) ಸಾರ ಆಯಸ್ಸು ಹೆಚ್ಚಿಸುತ್ತದೆಯೇ ಎಂಬುದು ಪ್ರಾಜೆಕ್ಟ್. ಹುಳದಲ್ಲೂ ಹಣ್ಣಿನ ನೊಣದಲ್ಲೂ ನೋಡಿದೆ. ಹೇಳಿಕೊಳ್ಳುವಂಥ ಫಲಿತಾಂಶವೇನೂ ಬರಲಿಲ್ಲ. ಆದರೆ ಎರಡನ್ನೂ ಸಾಕುವ ಕಷ್ಟಸುಖ ಚೆನ್ನಾಗಿ ಗೊತ್ತಾಯಿತು.

ಸಮಯದಲ್ಲಿ ಹುಳಕ್ಕೆ ಸಾಟಿಯಿಲ್ಲ. 20 ಡಿಗ್ರಿಯಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಮೂರೂವರೆ ದಿನ, ಸಾಯುವುದು ಎರಡು ಮೂರು ವಾರದೊಳಗೆ. ನೊಣಕ್ಕೆ 25 ಡಿಗ್ರಿಯಲ್ಲಿ ಒಂದು ತಲೆಮಾರಿಗೇ ಹತ್ತು ದಿನ, ಮುದಿಯಾಗಿ ಸಾಯಲು ಎರಡು ತಿಂಗಳಿಗೂ ಹೆಚ್ಚು. ಹುಳದ ಪ್ರಯೋಗ ಮುಗಿದು ಬರೆಯಲು ಕೂತರೂ ನೊಣಗಳು ಸೀಸೆಯಲ್ಲಿ ಆರಾಮವಾಗಿ ಹಾರಾಡುತ್ತಿದ್ದವು.

ಆದರೆ ಹುಳದ ಕೆಲಸ ಕೈಗೆ ಬೇಗ ಹತ್ತುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಪ್ಲಾಟಿನಂ ತಂತಿಯ ತುದಿಯಿಂದ ಒಂದೊಂದನ್ನೇ ಎತ್ತಬೇಕು. ಮೊದಲ ಹದಿನೈದು ದಿನ ನಾನು ಎತ್ತಿದ್ದಕ್ಕಿಂತ ಚುಚ್ಚಿ ಕೊಂದದ್ದೇ ಹೆಚ್ಚು. ಟೂತ್‌ಪಿಕ್ಕಿಗೆ ಕಣ್ಣರೆಪ್ಪೆಯ ಕೂದಲು ಅಂಟಿಸಿಕೊಂಡ ಮೇಲೆ ಪರವಾಗಿಲ್ಲ ಅನ್ನಿಸಿತು. ಜತೆಗೆ ಅದು ಸ್ವಯಂ ಗರ್ಭ ಧರಿಸುವ ಉಭಯಲಿಂಗಿ. ಒಂದೊಂದೂ ಸುಮಾರು 300 ಮರಿ ಹಾಕುತ್ತದೆ. ಮೊಟ್ಟೆಯಿಡುವ ದಿನಗಳಲ್ಲಿ ತಾಯಿಯನ್ನು ದಿನಾ ಹೊಸ ತಟ್ಟೆಗೆ ದಾಟಿಸದಿದ್ದರೆ ಯಾರು ಅಮ್ಮ, ಯಾರು ಮಗಳು ತಿಳಿಯುವುದಿಲ್ಲ. ನೊಣ ಹಾಗಲ್ಲ: ಅರಿವಳಿಕೆ ಕೊಟ್ಟು ಬಿಳಿ ಹಾಳೆಯ ಮೇಲೆ ಸುರಿದು ಕುಂಚದಿಂದ ಗಂಡುಹೆಣ್ಣು ಬೇರೆ ಮಾಡಿದರಾಯಿತು. ಆಹಾರವೂ ರವೆ, ಬೆಲ್ಲ, ಅಗರ್; ಕುದಿಯುವಾಗ ಶೀರಾದ ಪರಿಮಳ, ಬೂಷ್ಟು ತಡೆಯುವ ಪ್ರೊಪಿಯಾನಿಕ್ ಆಮ್ಲ ಸೇರಿಸುವವರೆಗೆ.

ಇನ್ನು ನಮ್ಮೂರಿನ ಸೆಕೆ. ಏಪ್ರಿಲಿನಲ್ಲಿ ಕರೆಂಟ್ ಹೋಗಿ, ತಟ್ಟೆಗಳನ್ನು ತಂಪಾಗಿಡುವ ಇನ್‌ಕ್ಯುಬೇಟರ್ ನಿಂತ ಎರಡು ರಾತ್ರಿ ಹುಳಗಳಿಗೆ ಗಂಡಾಂತರ. 25 ಡಿಗ್ರಿ ದಾಟಿದರೆ ಮೊಟ್ಟೆ ಕಡಿಮೆ, 27ರ ಮೇಲೆ ಬಹುತೇಕ ಬಂಜೆ. ನೊಣ ಸ್ವಲ್ಪ ಹೆಚ್ಚು ತಡೆಯುತ್ತದೆ, 30ಕ್ಕೆ ಅದರ ಗಂಡೂ ಬಂಜೆಯೇ. ಆಟಿಯ ಮಳೆಯಲ್ಲಿ ಮತ್ತೊಂದು ಗೋಳು: ತಟ್ಟೆಗಳಿಗೆಲ್ಲ ಬೂಷ್ಟು. ಅಲ್ಲಿ ಹುಳ ಗೆದ್ದಿತು. ಬ್ಲೀಚಿನಲ್ಲಿ ತೊಳೆದರೆ ದೊಡ್ಡವೂ ಬೂಷ್ಟೂ ಕರಗಿ, ಗಟ್ಟಿ ಚಿಪ್ಪಿನ ಮೊಟ್ಟೆಗಳಷ್ಟೇ ಉಳಿಯುತ್ತವೆ. ನೊಣದ ಸೀಸೆಗೆ ನುಸಿ ಹಿಡಿದಾಗ ನನಗೆ ಅಂಥ ಸುಲಭದ ದಾರಿ ಸಿಗಲಿಲ್ಲ. ಎರಡು ತಳಿ ಕಳೆದುಕೊಂಡೆ.

ನನ್ನ ಮಟ್ಟಿಗೆ ತೂಕ ಹುಳದ ಕಡೆಗೆ ವಾಲಿದ್ದು ಓಣಂ ರಜೆಯಲ್ಲಿ. ಹತ್ತು ದಿನ ಯಾರೂ ಇರಲಿಲ್ಲ. ಆಹಾರ ಮುಗಿದ ತಟ್ಟೆಯ ಮರಿಗಳು 'ಡಾವರ್' ಎಂಬ ಉಪವಾಸದ ಸ್ಥಿತಿಗೆ ಹೋಗಿ ಬದುಕಿದ್ದವು, ಹೊಸ ತಟ್ಟೆಗೆ ಹಾಕಿದರೆ ಎದ್ದು ತಿನ್ನತೊಡಗಿದವು. ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲವು. ಗ್ಲಿಸರಾಲ್ ಬೆರೆಸಿ ಮೈನಸ್ 80ರಲ್ಲಿಟ್ಟರೆ ವರ್ಷಗಟ್ಟಲೆ. ನೊಣದ ತಳಿಗಳನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಮಾಮೂಲಿ ಲ್ಯಾಬಿನ ಕೆಲಸವಲ್ಲ. ವರ್ಷವಿಡೀ ಸೀಸೆಯಿಂದ ಸೀಸೆಗೆ ದಾಟಿಸುತ್ತಲೇ ಇರಬೇಕು.

ಹಾಗೆಂದು ನೊಣವನ್ನು ಕೀಳಾಗಿ ಕಾಣುವುದಿಲ್ಲ. ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಹುಳವನ್ನು ಆರಿಸಿಕೊಂಡದ್ದೇ ಅದು ಸರಳ ಎಂದು: ಉಭಯಲಿಂಗಿಯ ಇಡೀ ಮೈಯಲ್ಲಿ 959 ದೇಹಕೋಶ, ಅದರಲ್ಲಿ 302 ನರಕೋಶ. ಈ ನರಕೋಶಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೆ ಹುಳಕ್ಕೆ ಕಣ್ಣಿಲ್ಲ, ಹೃದಯವಿಲ್ಲ, ರೆಕ್ಕೆಯಿಲ್ಲ. ಗಂಡುನೊಣ ರೆಕ್ಕೆ ಅದುರಿಸಿ ಹೆಣ್ಣಿನ ಹಿಂದೆ ಸುತ್ತುವುದನ್ನು ಪಿಯುಸಿ ಮಕ್ಕಳಿಗೆ ತೋರಿಸಿದಾಗ ಅವರು ಬೆಂಚು ಬಿಟ್ಟು ಏಳಲಿಲ್ಲ. ಹುಳದ ತಟ್ಟೆ ತೋರಿಸಿದಾಗ ಒಬ್ಬ ಹುಡುಗ, "ಸರ್, ಇದರಲ್ಲಿ ಏನೂ ಇಲ್ವಲ್ಲ" ಅಂದ. ಪಾಠಕ್ಕೆ ನೊಣ, ಆಯಸ್ಸಿನ ಲೆಕ್ಕಕ್ಕೆ ಹುಳ; ಇನ್‌ಕ್ಯುಬೇಟರಿಗೆ ಬ್ಯಾಕಪ್ ಇಲ್ಲದ ಲ್ಯಾಬಾದರೆ ಎಲಿಗನ್ಸ್ ಬೇಡ.

ಅಂಥವರಿಗೆ ಅದರ ದಾಯಾದಿ ಸಿ. ಬ್ರಿಗ್ಸೇ ಎಂಬ ಜಾತಿ ಇದೆ, ಸೆಕೆಯನ್ನು ಇನ್ನಷ್ಟು ತಾಳುವ ಹುಳ. ಲ್ಯಾಬುಗಳಲ್ಲಿ ಹೆಚ್ಚು ಬಳಸುವ ಅದರ ತಳಿ ಸಿಕ್ಕಿದ್ದು ನಮ್ಮದೇ ಅಹಮದಾಬಾದಿನ ಮಣ್ಣಲ್ಲಿ. ಈ ಜಾತಿಯ ಹುಳಗಳು ಕೊಳೆತ ಹಣ್ಣಿನಲ್ಲಿ ಇರುತ್ತವಂತೆ. ಬರುವ ಗೇರುಹಣ್ಣಿನ ಕಾಲಕ್ಕೆ ಮನೆಯ ಹಿಂದಿನ ಗುಡ್ಡದಲ್ಲಿ ಉದುರಿದ್ದನ್ನು ಹೆಕ್ಕಿ ತಟ್ಟೆಯ ಮೇಲಿಟ್ಟು ನೋಡಬೇಕು.